ದುಬೈ, ಸಿಂಗಪುರ, ಸಮರ್ಕಂದ್, ಯೂರೋಪ್: ಕಲಬುರಗಿಯ ದಂಪತಿಗೆ ಯಾವುದು ಹೊಂದೀತು?

ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಬರುವ ನಮ್ಮ ವಯಸ್ಸಿನವರ ಮಾತು ಮೊದಲೆಲ್ಲ ಮೂರು ವಿಷಯಕ್ಕೆ ಮುಗಿಯುತ್ತಿತ್ತು: ತೊಗರಿಯ ದರ, ಮೊಣಕಾಲಿನ ನೋವು, ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ‘ಸರ್, ನೀವಿಬ್ಬರೂ ತಿರುಗಾಡಿ ಬಂದವರು. ನಾವು ಹೋಗುವುದು ಒಂದೇ ಸಲ. ಎಲ್ಲಿಗೆ ಹೋಗೋಣ ಹೇಳಿ’ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಕೈಯಲ್ಲಿ ಮಡಚಿದ ಬಣ್ಣದ ಕರಪತ್ರ ಇರುತ್ತದೆ. ಅದರಲ್ಲಿ ಐಫೆಲ್ ಗೋಪುರದ ಪಕ್ಕದಲ್ಲೇ ಬುರ್ಜ್ ಖಲೀಫಾ, ಅದರ ಕೆಳಗೆ ನೀರುಗುಳುವ ಸಿಂಹ.

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ನನ್ನಾಕೆ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯ ನಂತರ ನಾಲ್ಕು ಸಲ ಹೊರದೇಶಕ್ಕೆ ಹೋಗಿ ಬಂದೆವು, ನಾಲ್ಕೂ ಸಲ ಪ್ರವಾಸ ಸಂಸ್ಥೆಯ ಗುಂಪಿನೊಂದಿಗೆ, ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ. ನಮ್ಮ ಕಷ್ಟವೆಂದರೆ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತು ಹೋದರೂ ಇಬ್ಬರೂ ಬೇರೆ ಬೇರೆ ಊರು ನೋಡಿ ಬರುತ್ತೇವೆ. ನನಗೆ ಹಿಡಿಸಿದ್ದು ಆಕೆಗೆ ಸಪ್ಪೆ, ಆಕೆ ಮೆಚ್ಚಿದ್ದು ನನಗೆ ನೆನಪೇ ಇಲ್ಲ. ಆದ್ದರಿಂದ ಇಲ್ಲಿ ಇಬ್ಬರ ಅಭಿಪ್ರಾಯವನ್ನೂ ಬರೆದಿದ್ದೇನೆ. ಆಕೆ ಓದಿ ಎರಡು ಕಡೆ ತಿದ್ದಿದ್ದಾಳೆ.

ಮೊದಲು ಅಳತೆಗೋಲು

ಊರು ಆರಿಸುವ ಮೊದಲು ಅಳೆಯುವುದು ಹೇಗೆ ಎಂದು ನೋಡೋಣ. ಕರಪತ್ರಗಳು ‘12 ದಿನ, 7 ದೇಶ’ ಎಂದು ಸ್ಥಳಗಳ ಲೆಕ್ಕ ಹೇಳುತ್ತವೆ. ನನ್ನಾಕೆ ಮೂರನೆಯ ಪ್ರವಾಸದ ಹೊತ್ತಿಗೆ ಬೇರೊಂದು ಲೆಕ್ಕ ಕಂಡುಹಿಡಿದಳು. ಒಟ್ಟು ರಾತ್ರಿಗಳನ್ನು ಹಾಸಿಗೆಗಳ ಸಂಖ್ಯೆಯಿಂದ ಭಾಗಿಸುವುದು. ಐದು ರಾತ್ರಿ ಒಂದೇ ಹೋಟೆಲ್ ಎಂದರೆ ಐದು ಅಂಕ. ಹನ್ನೆರಡು ರಾತ್ರಿಗೆ ಎಂಟು ಹೋಟೆಲ್ ಎಂದರೆ ಒಂದೂವರೆ ಅಂಕ. ಎರಡಕ್ಕಿಂತ ಕೆಳಗೆ ಇಳಿದರೆ ನೀವು ನೋಡುವುದು ಊರನ್ನಲ್ಲ, ಸೂಟ್‌ಕೇಸನ್ನು. ಬೆಳಿಗ್ಗೆ ಐದೂವರೆಗೆ ಎದ್ದು, ಆರೂವರೆಗೆ ಸಾಮಾನನ್ನು ಬಾಗಿಲ ಹೊರಗಿಟ್ಟು, ಏಳೂವರೆಗೆ ಬಸ್ ಹತ್ತುವುದು ಮೂವತ್ತರ ಹರೆಯದವರಿಗೆ ಮೋಜು. ಅರವತ್ತು ದಾಟಿದವರಿಗೆ ನಾಲ್ಕನೆಯ ದಿನವೇ ಮನೆ ನೆನಪಾಗುತ್ತದೆ.

ಎರಡನೆಯದು ಹೊರಡುವ ಜಾಗ. ಇದನ್ನು ನಮ್ಮ ಭಾಗದವರು ಮರೆತು ಆಮೇಲೆ ಪರದಾಡುತ್ತಾರೆ. ಕರಪತ್ರದಲ್ಲಿ ಅಚ್ಚಾದ ಬೆಲೆ ಸಾಮಾನ್ಯವಾಗಿ ಮುಂಬೈಯಿಂದಲೋ ಬೆಂಗಳೂರಿನಿಂದಲೋ. ಕಲಬುರಗಿಗೂ ಬೀದರಿಗೂ ಯಾದಗಿರಿಗೂ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಬೀದರಿನವರು ಜಹೀರಾಬಾದ್ ಮೇಲೆ, ಯಾದಗಿರಿಯವರು ಮೆಹಬೂಬ್‌ನಗರದ ಮೇಲೆ, ನಾವು ಹುಮನಾಬಾದ್ ದಾರಿಯಲ್ಲಿ ಬಾಡಿಗೆ ಕಾರಿನಲ್ಲಿ ಅರ್ಧ ದಿನದೊಳಗೆ ತಲುಪುತ್ತೇವೆ. ಮುಂಬೈ ಎಂದರೆ ರಾತ್ರಿಯಿಡೀ ರೈಲು, ಅಲ್ಲಿಂದ ಟ್ಯಾಕ್ಸಿ, ಹಿಂದಿರುಗುವಾಗ ಮತ್ತೆ ಅದೇ. ಆ ಖರ್ಚು, ಆ ದಣಿವು ಎರಡನ್ನೂ ಪ್ಯಾಕೇಜ್ ಬೆಲೆಗೆ ಕೂಡಿಸಿಕೊಂಡೇ ಹೋಲಿಸಬೇಕು. ಹೈದರಾಬಾದಿನಿಂದ ಹತ್ತು ಸಾವಿರ ಹೆಚ್ಚಾದರೂ ನನ್ನ ಮತ ಹೈದರಾಬಾದಿಗೇ.

ಇನ್ನು ಕಾಲು, ಊಟ, ಕಾಗದಪತ್ರ, ಹಣ. ಪ್ರತಿ ಊರಿನ ಮಾತು ಬಂದಾಗ ಇವು ತಾವಾಗಿಯೇ ಬರುತ್ತವೆ. ಕರಪತ್ರದ ಭಾಷೆಯ ಬಗ್ಗೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ‘ಪನೋರಾಮಿಕ್ ಟೂರ್’ ಎಂದರೆ ಬಸ್ಸಿನ ಕಿಟಕಿಯಿಂದ ನೋಡುವುದು. ‘ಫೋಟೊ ಸ್ಟಾಪ್’ ಎಂದರೆ ಇಳಿದು, ಫೋಟೊ ತೆಗೆದು, ಹತ್ತುವುದು. ‘ಆಪ್ಷನಲ್’ ಎಂದರೆ ಅಲ್ಲಿಗೆ ಹೋದ ಮೇಲೆ ಡಾಲರಿನಲ್ಲೋ ಯೂರೋದಲ್ಲೋ ಕೊಡುವುದು. ‘ಪ್ರವೇಶ ಸಹಿತ’ ಎಂಬ ಮಾತು ಯಾವ ಸ್ಥಳದ ಮುಂದೆ ಇದೆಯೋ ಅದೊಂದನ್ನೇ ಒಳಗೆ ಹೋಗಿ ನೋಡುತ್ತೀರಿ. ಬಣ್ಣದ ಪೆನ್ನಿನಿಂದ ಆ ಮಾತಿನ ಕೆಳಗೆ ಗೆರೆ ಎಳೆದು ಎಣಿಸಿ. ಏಳು ದೇಶ ಮೂರು ಗೆರೆಗೆ ಇಳಿಯುತ್ತದೆ.

ದುಬೈ: ಸುಲಭ, ಆದರೆ ತಿಂಗಳು ನೋಡಿಕೊಳ್ಳಿ

ಹಾಸಿಗೆ ಲೆಕ್ಕದಲ್ಲಿ ದುಬೈಗೆ ಪೂರ್ಣ ಅಂಕ. ಐದು ರಾತ್ರಿ, ಒಂದೇ ಹೋಟೆಲ್. ಹೈದರಾಬಾದಿನಿಂದ ನೇರ ವಿಮಾನ, ಸುಮಾರು ನಾಲ್ಕು ತಾಸು. ನಮ್ಮಿಬ್ಬರಿಗೆ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದಲ್ಲಿ ಮುಗಿಯಿತು. ನಾಲ್ಕರಲ್ಲಿ ಇದೇ ಅಗ್ಗ. ಊಟಕ್ಕೆ ಚಿಂತೆಯೇ ಇಲ್ಲ, ಬುರ್ ದುಬೈಯಲ್ಲಿ ಇಡ್ಲಿ ಹುಡುಕುವುದು ಸೇಡಂ ರಸ್ತೆಯಲ್ಲಿ ಇಡ್ಲಿ ಹುಡುಕಿದಷ್ಟೇ ಸುಲಭ. ಕಾಲಿಗೂ ಶ್ರಮವಿಲ್ಲ. ಎಲ್ಲ ಕಡೆ ಲಿಫ್ಟು, ತಂಪು ಗಾಳಿ, ಬಸ್ಸು ಬಾಗಿಲ ಬಳಿಗೇ ಬರುತ್ತದೆ.

ಆದರೆ ಯಾವಾಗ? ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಬೇಕು. ಬೇಸಿಗೆ ರಜೆಯೆಂದು ಮೇ ತಿಂಗಳಲ್ಲಿ ಹೋದರೆ ಕಲಬುರಗಿಯ ಬಿಸಿಲನ್ನು ವಿಮಾನದ ಟಿಕೆಟ್ ಕೊಟ್ಟು ಮತ್ತೊಮ್ಮೆ ಕೊಂಡಂತೆ. ಹೊಲವಿದ್ದವರಿಗೆ ಇಲ್ಲೊಂದು ತೊಡಕು: ಡಿಸೆಂಬರ್, ಜನವರಿ ನಮಗೆ ತೊಗರಿಯ ರಾಶಿಯ ಕಾಲ. ರಾಶಿ ಮುಗಿಸಿ, ಮಾರಿ, ಕೈಗೆ ದುಡ್ಡು ಬಂದು ಫೆಬ್ರುವರಿಯ ಮೂರನೆಯ ವಾರ ಹೊರಟರೆ ಎರಡೂ ಹೊಂದುತ್ತದೆ.

ಬುರ್ಜ್ ಖಲೀಫಾ 828 ಮೀಟರ್ ಎತ್ತರ. ಸಾಮಾನ್ಯ ಟಿಕೆಟ್ಟಿನಲ್ಲಿ 124ನೆಯ ಮಹಡಿಯವರೆಗೆ ಬಿಡುತ್ತಾರೆ, ಸೂರ್ಯಾಸ್ತದ ಹೊತ್ತಿನ ಟಿಕೆಟ್ಟಿಗೆ ದರ ಹೆಚ್ಚು. ನನಗೆ ಅಲ್ಲಿಂದ ಕಂಡದ್ದು ಆಟಿಕೆಯ ರಸ್ತೆಗಳು, ಅಷ್ಟೇ. ನನ್ನಾಕೆಗೆ ಇಷ್ಟವಾದದ್ದು ಬೇರೆ. ಕೊಲ್ಲಿಯ ದಂಡೆಯಲ್ಲಿ ಅಬ್ರಾ ಎಂಬ ಮರದ ದೋಣಿ ಇದೆ. ಒಂದು ದಿರ್ಹಂ ಕೊಟ್ಟರೆ ಬುರ್ ದುಬೈಯಿಂದ ದೇರಾ ಕಡೆಗೆ ದಾಟಿಸುತ್ತಾರೆ. ಸಂಜೆ ಗುಂಪಿನವರೆಲ್ಲ ಮಾಲಿಗೆ ಹೋದಾಗ ಆಕೆ ನನ್ನನ್ನು ಎಳೆದುಕೊಂಡು ಹೋಗಿ ಆ ದಂಡೆಗೂ ಈ ದಂಡೆಗೂ ಆರು ಸಲ ಓಡಾಡಿಸಿದಳು. ದೋಣಿಯವನು ನಾಲ್ಕನೆಯ ಸಲಕ್ಕೆ ನಗತೊಡಗಿದ. ಒಟ್ಟು ಹನ್ನೆರಡು ದಿರ್ಹಂ. ಬುರ್ಜ್ ಖಲೀಫಾದ ಟಿಕೆಟ್ ಎಷ್ಟೆಂದು ಆಕೆ ಆಮೇಲೆ ಎಷ್ಟೋ ಸಲ ನೆನಪಿಸಿದ್ದಾಳೆ.

ಅಬುಧಾಬಿಯ ಒಂದು ದಿನ ಪ್ಯಾಕೇಜಿನಲ್ಲಿ ಇಲ್ಲದಿದ್ದರೆ ಕೇಳಿ ಸೇರಿಸಿಕೊಳ್ಳಿ. ಶೇಖ್ ಜಾಯೆದ್ ಮಸೀದಿಯ ಒಳಗಿನ ಕೈನೇಯ್ಗೆಯ ರತ್ನಗಂಬಳಿ ಐದು ಸಾವಿರ ಚದರ ಮೀಟರಿಗೂ ಹೆಚ್ಚು. ಹೆಂಗಸರು ತಲೆ, ತೋಳು ಮುಚ್ಚಿಕೊಂಡಿರಬೇಕು. 2024ರ ಫೆಬ್ರುವರಿಯಲ್ಲಿ ತೆರೆದ ಕಲ್ಲಿನ ದೊಡ್ಡ ಹಿಂದೂ ದೇವಾಲಯವೂ ಅದೇ ಎಮಿರೇಟಿನಲ್ಲಿದೆ. ಎರಡನ್ನೂ ಒಂದೇ ದಿನದಲ್ಲಿ ತೋರಿಸುವ ಸಂಸ್ಥೆಗಳಿವೆ.

ಎರಡು ಎಚ್ಚರಿಕೆ. ಚೀಲದಲ್ಲಿ ಗಸಗಸೆ ಇರಕೂಡದು, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಮನೆಯ ಮಸಾಲೆ ಪುಡಿಯಲ್ಲಿ ಸೇರಿದ್ದರೂ ಬಿಟ್ಟು ಹೋಗಿ. ಇನ್ನೊಂದು ಪಾಸ್‌ಪೋರ್ಟಿನ ಹೆಸರು. ನಮ್ಮ ಕಡೆಯ ಎಷ್ಟೋ ಹೆಂಗಸರ ದಾಖಲೆಗಳಲ್ಲಿ ಬರಿಯ ‘ಮಹಾದೇವಿ’ ಎಂದೋ ‘ನಾಗಮ್ಮ’ ಎಂದೋ ಒಂದೇ ಪದ ಇರುತ್ತದೆ, ಅಡ್ಡಹೆಸರಿನ ಜಾಗ ಖಾಲಿ. 2022ರ ನವೆಂಬರಿನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ವಿಷಯದಲ್ಲಿ ತಕರಾರು ತೆಗೆಯುತ್ತಿದೆ. ಮುಂಗಡ ಕಟ್ಟುವ ಮೊದಲೇ ಇಬ್ಬರ ಪಾಸ್‌ಪೋರ್ಟನ್ನೂ ತೆರೆದು ನೋಡಿ.

ಸಿಂಗಪುರ ಮತ್ತು ಕ್ವಾಲಾಲಂಪುರ: ಎರಡು ಊರು, ಒಂದು ಟಿಕೆಟ್

ಹೆಚ್ಚಿನ ಸಂಸ್ಥೆಗಳು ಇವೆರಡನ್ನೂ ಜೋಡಿ ಎತ್ತಿನಂತೆ ಒಂದೇ ನೊಗಕ್ಕೆ ಕಟ್ಟಿವೆ. ಏಳು ರಾತ್ರಿ, ನಮ್ಮ ಪ್ರವಾಸದಲ್ಲಿ ಎರಡು ಹಾಸಿಗೆ, ಅಂದರೆ ಮೂರೂವರೆ ಅಂಕ. ಇಬ್ಬರಿಗೆ ಎರಡೂಮುಕ್ಕಾಲು ಲಕ್ಷವಾಯಿತು. ಸಿಂಗಪುರದ ವೀಸಾವನ್ನು ಸಂಸ್ಥೆಯವರೇ ಮಾಡಿಸುತ್ತಾರೆ, ನಾವು ಎಲ್ಲಿಗೂ ಓಡಾಡಬೇಕಿಲ್ಲ. ಮಲೇಷ್ಯಾ 2023ರ ಡಿಸೆಂಬರಿನಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಕೇಳುತ್ತಿಲ್ಲ. ಆದರೂ ಇಂಥ ರಿಯಾಯಿತಿಗಳು ಅವಧಿ ಕಟ್ಟಿ ಕೊಡುವಂಥವು, ಹೊರಡುವ ತಿಂಗಳಲ್ಲಿ ಇನ್ನೊಮ್ಮೆ ವಿಚಾರಿಸಬೇಕು.

ಸಿಂಗಪುರ ನನ್ನಾಕೆಯ ಊರು. ‘ಇಲ್ಲಿ ಯಾರೂ ಯಾರನ್ನೂ ನೂಕುವುದಿಲ್ಲ’ ಎಂಬುದು ಮೊದಲ ದಿನ ಆಕೆ ಹೇಳಿದ ಮಾತು. ಕೊನೆಯ ದಿನವೂ ಅದನ್ನೇ ಹೇಳಿದಳು. ನಲ್ಲಿಯ ನೀರು ಕುಡಿಯಬಹುದು, ಶೌಚಾಲಯ ಎಲ್ಲೆಲ್ಲೂ ಇದೆ, ರಾತ್ರಿ ಹತ್ತಕ್ಕೆ ಹೆಂಗಸೊಬ್ಬಳು ನಿಶ್ಚಿಂತೆಯಾಗಿ ಓಡಾಡಬಹುದು. ಇವನ್ನು ಕರಪತ್ರದವರು ಬರೆಯುವುದಿಲ್ಲ, ಆದರೆ ಆಕೆಗೆ ಊರೆಂದರೆ ಇದೇ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು. ಚೈನಾಟೌನಿನ ನಡುವೆ 1827ರಷ್ಟು ಹಿಂದಿನ ಮಾರಿಯಮ್ಮನ ಗುಡಿ ಇದೆ, ಗೋಪುರದ ಎದುರಿಗೇ ಚೀನೀ ಅಂಗಡಿಗಳ ಸಾಲು. ಸೆರಂಗೂನ್ ರಸ್ತೆಗೆ ಹೋದರೆ ಬಾಳೆಯೆಲೆ ಊಟ ಸಿಗುತ್ತದೆ. ಗಾರ್ಡನ್ಸ್ ಬೈ ದಿ ಬೇ ಉದ್ಯಾನದಲ್ಲಿ ಉಕ್ಕಿನ ಮಹಾವೃಕ್ಷಗಳ ಕೆಳಗೆ ರಾತ್ರಿ ನಡೆಯುವ ದೀಪ ಮತ್ತು ಸಂಗೀತದ ಆಟ ಪೂರ್ತಿ ಉಚಿತ. ಅಂಗಾತ ಮಲಗಿ ನೋಡಬೇಕು, ನಾವೂ ಮಲಗಿದೆವು. ನಮ್ಮ ಗುಂಪಿನ ಒಬ್ಬರು ನಿವೃತ್ತ ತಹಶೀಲ್ದಾರರು ಮಾತ್ರ ನಿಂತೇ ಇದ್ದರು.

ನನ್ನ ದೂರು ಏನೆಂದರೆ ಸಿಂಗಪುರದಲ್ಲಿ ಎಲ್ಲವೂ ತೊಳೆದಿಟ್ಟಂತಿದೆ. ಮೂರು ದಿನವಾದ ಮೇಲೆ ಒಂದು ಗೋಡೆಯಾದರೂ ಬಿರುಕು ಬಿಟ್ಟಿರಬಾರದೇ ಎನ್ನಿಸುತ್ತದೆ. ಕೋಟೆಯ ಊರಿನಲ್ಲಿ ಬೆಳೆದವನ ಕಾಯಿಲೆ ಇರಬೇಕು ಇದು.

ಕ್ವಾಲಾಲಂಪುರದಲ್ಲಿ ನಮ್ಮ ಪ್ರವಾಸ ಸಂಸ್ಥೆ (ಹೆಸರು ಬೇಡ) ಕೈಕೊಟ್ಟಿತು. ಒಂದೇ ದಿನದಲ್ಲಿ ಚಾಕೊಲೇಟ್ ಅಂಗಡಿ, ಕೈಗಡಿಯಾರದ ಅಂಗಡಿ, ತವರದ ಪಾತ್ರೆಗಳ ಅಂಗಡಿ ಎಂದು ಮೂರು ಕಡೆ ಒಟ್ಟು ಮೂರು ತಾಸು ಕೂಡಿಹಾಕಿದರು. ಬಾಟು ಗುಹೆಗೆ ಉಳಿದದ್ದು ನಲವತ್ತು ನಿಮಿಷ. ಅಲ್ಲಿ 272 ಮೆಟ್ಟಿಲು, ಪಕ್ಕದಲ್ಲಿ ಮುಗಿಲಿಗೆ ಮುಟ್ಟಿದಂತೆ ನಿಂತ ಮುರುಗನ ಬಂಗಾರದ ಬಣ್ಣದ ಮೂರ್ತಿ. ನಾನು ಗಡಿಯಾರ ನೋಡುತ್ತ ಓಡಿದೆ, ಏದುಸಿರು ಬಿಡುತ್ತ ಮೇಲೆ ತಲುಪಿದೆ, ಗುಹೆಯೊಳಗೆ ಎರಡು ನಿಮಿಷ ನಿಂತೆ, ಇಳಿದೆ. ನನ್ನಾಕೆ ಅರವತ್ತನೆಯ ಮೆಟ್ಟಿಲಿನಲ್ಲಿ ಮೊಣಕಾಲು ಹಿಡಿದು ಕುಳಿತವಳು ಅಲ್ಲೇ ಇದ್ದಳು. ಕೋತಿಯೊಂದು ಯಾರದೋ ಕೈಯಿಂದ ಎಳನೀರಿನ ಕಾಯಿಯನ್ನೇ ಕಿತ್ತುಕೊಂಡು, ಹುಲ್ಲುಕೊಳವೆಯನ್ನು ತೆಗೆದು ಎಸೆದು, ಎರಡೂ ಕೈಯಿಂದ ಎತ್ತಿ ಕುಡಿದದ್ದನ್ನು ಪೂರ್ತಿ ನೋಡಿದ್ದಳಂತೆ. ಈಗಲೂ ಮೊಮ್ಮಕ್ಕಳು ಕೇಳುವುದು ಆ ಕೋತಿಯ ಕಥೆಯನ್ನು, ನನ್ನ ಗುಹೆಯ ಕಥೆಯನ್ನಲ್ಲ.

ಕೊಳ್ಳುವ ಮುನ್ನ ‘ಎಷ್ಟು ಅಂಗಡಿಗಳಲ್ಲಿ ನಿಲ್ಲಿಸುತ್ತೀರಿ’ ಎಂದು ಬರವಣಿಗೆಯಲ್ಲಿ ಕೇಳಿ. ಮೊಣಕಾಲು ನೋವಿದ್ದವರು ಕ್ವಾಲಾಲಂಪುರ ಬಿಟ್ಟು ಸಿಂಗಪುರವೊಂದನ್ನೇ ಐದು ರಾತ್ರಿಗೆ ತೆಗೆದುಕೊಂಡರೂ ನಷ್ಟವಿಲ್ಲ. ಅಂಕ ಐದಕ್ಕೆ ಏರುತ್ತದೆ, ಹಣವೂ ಅಷ್ಟೇನೂ ವ್ಯತ್ಯಾಸವಾಗದು, ಏಕೆಂದರೆ ಸಿಂಗಪುರದ ಹೋಟೆಲ್ ಬಲು ದುಬಾರಿ. ಮಕ್ಕಳೂ ಜೊತೆಗಿದ್ದರೆ, ಪೆಟ್ರೊನಾಸ್ ಅವಳಿ ಗೋಪುರ, ಗೆಂಟಿಂಗ್ ಬೆಟ್ಟದ ಕೇಬಲ್ ಕಾರು ಅವರಿಗೆ ಬೇಕು.

ಸಮರ್ಕಂದ್: ಬೀದರ್ ನೋಡಿದವರಿಗೆ

ಉಜ್ಬೇಕಿಸ್ತಾನದ ಈ ಊರನ್ನು ಕೇಳಿದವರು ಕಡಿಮೆ. ಕರಪತ್ರದಲ್ಲಿ ಕೊನೆಯ ಪುಟದ ಮೂಲೆಯಲ್ಲಿ ಇರುತ್ತದೆ. ನಾನು ಹಟ ಹಿಡಿದು ಹೋದೆ, ನನ್ನಾಕೆ ಮುಖ ಸಿಂಡರಿಸಿಕೊಂಡು ಬಂದಳು.

ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾವನ್ನು ನೀವು ನೋಡಿಯೇ ಇರುತ್ತೀರಿ. 1472ರ ಕಟ್ಟಡ. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ್ ತನ್ನ ಕಡೆಯ ಮಾದರಿಯಲ್ಲೇ ಕಟ್ಟಿಸಿದ. ಮುಂದೆ ಸಿಡಿಮದ್ದಿನ ಸ್ಫೋಟದಲ್ಲಿ ಒಂದು ಮಿನಾರು, ಮುಂಭಾಗದ ಅರ್ಧ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ಅಲ್ಲಲ್ಲಿ ನೀಲಿ, ಹಸಿರು ಹೆಂಚಿನ ಚೂರು. ಎಷ್ಟೋ ವರ್ಷ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ‘ಇಡೀ ಗೋಡೆ ಇಂಥ ಹೆಂಚಿನಿಂದ ಮುಚ್ಚಿತ್ತು’ ಎಂದು ಹೇಳಿದ್ದೇನೆ. ಹೇಳುವಾಗ ನನಗೇ ಅದು ಕಣ್ಣಿಗೆ ಕಟ್ಟಿರಲಿಲ್ಲ.

ಸಮರ್ಕಂದದ ರೆಗಿಸ್ತಾನ್ ಚೌಕದಲ್ಲಿ ಮೂರು ಮದರಸಾಗಳು ಮೂರು ದಿಕ್ಕಿಗೆ ನಿಂತಿವೆ. ಎಡಗಡೆಯದು ಸಮರ್ಕಂದವನ್ನು ಆಳಿದ ಉಲುಗ್ ಬೇಗನದು, 1420ರಲ್ಲಿ ಮುಗಿದದ್ದು, ನಮ್ಮ ಗವಾನನದಕ್ಕಿಂತ ಅರ್ಧ ಶತಮಾನ ಹಿರಿಯದು. ಬುಡದಿಂದ ತುದಿಯವರೆಗೆ ಹೆಂಚು. ಅದರಲ್ಲಿ ಬಹುಪಾಲು ಕಳೆದ ಶತಮಾನದಲ್ಲಿ ದುರಸ್ತಿ ಮಾಡಿದ್ದು ಎಂಬುದು ನಿಜ, ಆದರೂ ಆ ನೀಲಿ ನೀಲಿಯೇ. ನನ್ನಾಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಬೀದರಿನದು ಹೀಗೇ ಇತ್ತೇನ್ರೀ?’ ಮೂವತ್ತು ವರ್ಷ ಪಾಠ ಹೇಳಿದ್ದಕ್ಕೆ ಅದೊಂದು ಪ್ರಶ್ನೆ ಸಾಕಾಯಿತು.

ಈಗ ವ್ಯವಹಾರ. ಉಜ್ಬೇಕಿಸ್ತಾನಕ್ಕೆ ಇ-ವೀಸಾ, ಮನೆಯಲ್ಲೇ ಕುಳಿತು ಅರ್ಜಿ ಹಾಕಬಹುದು, 20 ಡಾಲರ್. ನಾವು ಹೈದರಾಬಾದಿನಿಂದ ದಿಲ್ಲಿಗೆ ಹೋಗಿ, ಅಲ್ಲಿಂದ ತಾಷ್ಕೆಂಟಿನ ನೇರ ವಿಮಾನ ಹಿಡಿದೆವು, ಮೂರು ತಾಸಿನ ಹಾದಿ. ತಾಷ್ಕೆಂಟಿನಿಂದ ಸಮರ್ಕಂದಕ್ಕೆ ಅಫ್ರಾಸಿಯಾಬ್ ಎಂಬ ವೇಗದ ರೈಲು, ಎರಡು ತಾಸು ಚಿಲ್ಲರೆ. ಆರು ರಾತ್ರಿ, ಮೂರು ಹಾಸಿಗೆ, ಎರಡು ಅಂಕ. ಖರ್ಚು ದುಬೈಗಿಂತ ಸ್ವಲ್ಪ ಹೆಚ್ಚು, ಸಿಂಗಪುರಕ್ಕಿಂತ ಕಡಿಮೆ. ನೂರು ಡಾಲರ್ ಬದಲಾಯಿಸಿದರೆ ಹತ್ತು ಲಕ್ಷಕ್ಕೂ ಮಿಕ್ಕಿ ಸೋಮ್ ಕೈಗೆ ಬರುತ್ತದೆ, ಒಂದು ದಿನ ಲಕ್ಷಾಧೀಶರಾಗಿ ಓಡಾಡಬಹುದು. ತಾಷ್ಕೆಂಟಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರ ಪ್ರತಿಮೆ ಇದೆ. 1966ರ ಜನವರಿ 11ರಂದು ಅವರು ತೀರಿಕೊಂಡ ಊರಲ್ಲವೇ. ನಮ್ಮ ವಯಸ್ಸಿನವರು ಅಲ್ಲಿ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ.

ಸಸ್ಯಾಹಾರಿಗಳಿಗೆ ಮಾತ್ರ ಇದು ಅಗ್ನಿಪರೀಕ್ಷೆ. ಪುಲಾವಿನಲ್ಲಿ ಮಾಂಸ, ಸಾರಿನಲ್ಲಿ ಮಾಂಸ. ನಾವು ಬದುಕಿದ್ದು ನಾನ್ ಎಂಬ ದಪ್ಪ ದುಂಡನೆಯ ರೊಟ್ಟಿಯ ಮೇಲೆ. ಸಮರ್ಕಂದದ ನಾನ್ ಕೈಯಲ್ಲಿ ಹಿಡಿದರೆ ಕಲ್ಲಿನಷ್ಟು ಭಾರ, ನಡುವೆ ಹೂವಿನ ಮುದ್ರೆ. ಅದಕ್ಕೆ ನನ್ನಾಕೆ ಮನೆಯಿಂದ ತಂದ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಟೊಮೆಟೊ, ಕರಬೂಜ. ಮೂರನೆಯ ದಿನ ಹೋಟೆಲಿನ ಅಡುಗೆಯಾಕೆ ಹಿಂಡಿಯ ಡಬ್ಬಿಯನ್ನು ಮೂಸಿ ನೋಡಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೊಂದು ಚಿಟಿಕೆ ಕೇಳಿದಳು. ಮಾಂಸಾಹಾರಿಗಳಿಗೆ, ಬಿರಿಯಾನಿ ಬಲ್ಲ ನಮ್ಮೂರಿನವರಿಗೆ, ಊಟದ ದೃಷ್ಟಿಯಿಂದ ಇದು ಸ್ವರ್ಗ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗಬೇಕು.

ಗುಡಿ, ಗುಮ್ಮಟ, ಶಾಸನ ಎಂದರೆ ಆಕಳಿಕೆ ಬರುವವರು ಇಲ್ಲಿಗೆ ಹೋಗಬೇಡಿ. ಎರಡನೆಯ ದಿನವೇ ‘ಇದೂ ಅದೇ ತರಹ ಇದೆಯಲ್ಲ’ ಎನ್ನುತ್ತೀರಿ.

ಯೂರೋಪ್: ಎಲ್ಲರ ಆಸೆ, ಎಲ್ಲರ ದಣಿವು

ಒಂದೇ ಸಲ ಹೋಗುವುದು ಎಂದವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಇದೇ. ನಮ್ಮದು ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್‌ಲ್ಯಾಂಡ್, ವೆನಿಸ್, ರೋಮ್. ಹನ್ನೆರಡು ರಾತ್ರಿ, ಎಂಟು ಹಾಸಿಗೆ, ಒಂದೂವರೆ ಅಂಕ. ಇಬ್ಬರಿಗೆ ಆರೂವರೆ ಲಕ್ಷ, ಅದರ ಮೇಲೆ ಅಲ್ಲಿನ ಕೈಖರ್ಚು. ಟಿಸಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಎಂದು ಪ್ಯಾಕೇಜಿನ ಜೊತೆಗೆ ವಸೂಲಿ ಮಾಡುವ ಮೊತ್ತ ಬೇರೆ. ಅದು ಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆದರೆ ಹೊರಡುವಾಗ ಕೈಯಿಂದ ಕೊಡಲೇಬೇಕು.

ಕಾಗದಪತ್ರದ ಕೆಲಸ ಇಲ್ಲಿ ನಿಜವಾದ ಕೆಲಸ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಖುದ್ದು ಹೈದರಾಬಾದಿಗೆ ಹೋಗಿ ಬೆರಳಚ್ಚು ಕೊಡಬೇಕು. ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೋ, ವೀಸಾ ಕೊಡದಿದ್ದರೂ ವಾಪಸು ಬರುವುದಿಲ್ಲ. ಕನಿಷ್ಠ 30 ಸಾವಿರ ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಬ್ಯಾಂಕಿನ ಲೆಕ್ಕ, ಪಿಂಚಣಿ ಪತ್ರ, ರಿಟರ್ನ್ಸ್ ಎಲ್ಲ ಬೇಕು. ಲಂಡನ್ ಈ ವೀಸಾದೊಳಗೆ ಬರುವುದಿಲ್ಲ, ಬ್ರಿಟನ್ನಿಗೆ ಬೇರೆ ವೀಸಾ, ಬೇರೆ ಶುಲ್ಕ, ಬೇರೆ ದಿನ. ಆದ್ದರಿಂದ ಲಂಡನ್ ಬೇಕೇ ಎಂದು ಮೊದಲೇ ನಿರ್ಧರಿಸಿ. ಇನ್ನೊಂದು: ಹಾಲಿನ ಪದಾರ್ಥ, ಮಾಂಸ ಎರಡನ್ನೂ ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ತುಪ್ಪ, ಪೇಡೆ ಮನೆಯಲ್ಲೇ ಇರಲಿ. ಕಡಕ್ ರೊಟ್ಟಿ, ಹಿಂಡಿ ಧಾರಾಳವಾಗಿ ಒಯ್ಯಿರಿ.

ಬಸ್ಸಿನ ಮಾತು ಹೇಳಲೇಬೇಕು. ಅಲ್ಲಿನ ಚಾಲಕರಿಗೆ ಕಾನೂನಿದೆ: ನಾಲ್ಕೂವರೆ ತಾಸು ಓಡಿಸಿದರೆ ಮುಕ್ಕಾಲು ತಾಸು ವಿರಾಮ, ದಿನಕ್ಕೆ ಒಂಬತ್ತು ತಾಸಿನ ಮಿತಿ, ವಾರಕ್ಕೆ ಎರಡು ದಿನ ಮಾತ್ರ ಹತ್ತು. ಒಳ್ಳೆಯ ಕಾನೂನು. ಆದರೆ ಸಂಜೆ ಐದಕ್ಕೆ ತಲುಪಿದ ಊರಿನಲ್ಲಿ ಆರೂವರೆಗೆ ಬಸ್ ಹೊರಡಲೇಬೇಕು ಎಂದರೆ ಅದಕ್ಕೆ ಕಾರಣವೂ ಇದೇ. ಹೆದ್ದಾರಿಯ ಶೌಚಾಲಯಕ್ಕೆ ಹಲವು ಕಡೆ ಚಿಲ್ಲರೆ ಯೂರೋ ಕೊಡಬೇಕು. ಮಧುಮೇಹ ಇದ್ದವರು ಈ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ಯಾರಿಸಿನಲ್ಲಿ ಐಫೆಲ್ ಗೋಪುರಕ್ಕೆ ಮೂರು ಹಂತ, ಪ್ಯಾಕೇಜಿನಲ್ಲಿ ಎರಡನೆಯದೋ ಮೂರನೆಯದೋ ನೋಡಿಕೊಳ್ಳಿ. ಎರಡನೆಯದೇ ಸಾಕು ಎಂಬುದು ನಮ್ಮಿಬ್ಬರ ಒಮ್ಮತ, ಅಪರೂಪದ ಒಮ್ಮತ. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ, ನಮ್ಮ ಗುಂಪು ತಲುಪಿದ್ದು ಮಂಗಳವಾರ. ರೋಮಿನ ಕೊಲೊಸಿಯಮ್ ನಮ್ಮ ಪಾಲಿಗೆ ಫೋಟೊ ಸ್ಟಾಪ್. ಇತಿಹಾಸದ ಮೇಷ್ಟ್ರು ರಸ್ತೆಯ ಆಚೆ ನಿಂತು ಕೊಲೊಸಿಯಮ್ ನೋಡಿದ್ದನ್ನು ನನ್ನಾಕೆ ವಿಡಿಯೊ ಮಾಡಿಟ್ಟಿದ್ದಾಳೆ. ವ್ಯಾಟಿಕನ್ನಿನಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಚಡ್ಡಿ ಹಾಕಿ ಬಂದ ಮುಂಬೈಯ ಯುವಕರು ಹೊರಗೆ ಉಳಿದರು, ಇಳಕಲ್ ಸೀರೆಯುಟ್ಟು ಹೆಗಲ ಮೇಲೆ ಸೆರಗು ಹೊದ್ದ ನನ್ನಾಕೆ ನೇರವಾಗಿ ಒಳಗೆ ಹೋದಳು.

ಸ್ವಿಟ್ಜರ್‌ಲ್ಯಾಂಡಿನ ಯುಂಗ್‌ಫ್ರೌಯೊಕ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಾವು ಹುಟ್ಟಿ ಬೆಳೆದದ್ದು ಸುಮಾರು 450 ಮೀಟರಿನಲ್ಲಿ. ಅಲ್ಲಿ ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿತು, ಆದರೂ ಆ ಹಿಮದ ಬಿಳುಪನ್ನು ಬೇಸಿಗೆಯ ಮಧ್ಯಾಹ್ನಗಳಲ್ಲಿ ಈಗಲೂ ನೆನೆದು ತಂಪು ಮಾಡಿಕೊಳ್ಳುತ್ತೇನೆ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಏರಬೇಕು.

ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ನಮ್ಮ ಪ್ಯಾಕೇಜಿನಲ್ಲಿ ಅದು ಇರಲಿಲ್ಲ. ಕೇಳಿದರೆ ಮಾರ್ಗದರ್ಶಿ ‘ಬಸ್ ನಿಲ್ಲಿಸಲು ಜಾಗವಿಲ್ಲ’ ಎಂದ. ಮೇಣದ ಗೊಂಬೆಗಳ ‘ಆಪ್ಷನಲ್’ ಇದ್ದ ಮಧ್ಯಾಹ್ನ ನಾವಿಬ್ಬರೇ ಗುಂಪು ಬಿಟ್ಟು ಹೊರಟೆವು. ಲ್ಯಾಂಬೆತ್ ಸೇತುವೆ ದಾಟಿ, ನದಿಯ ಗುಂಟ ನಡೆದು ಹೋದೆವು. ಬೇರೆ ಯಾರೂ ಇರಲಿಲ್ಲ. ಒಬ್ಬ ಓಡುವವನು ಬೂಟಿನ ದಾರ ಕಟ್ಟಿಕೊಳ್ಳಲು ನಿಂತಿದ್ದ. ನನ್ನಾಕೆ ಚಪ್ಪಲಿ ಬಿಟ್ಟು, ಆ ಚಳಿಯ ಕಲ್ಲಿನ ಮೇಲೆ ಕಾಲುಚೀಲದಲ್ಲಿ ನಿಂತು ಕೈ ಮುಗಿದಳು. ಓಡುವವನು ಅವಳ ಕಾಲನ್ನೂ ಪ್ರತಿಮೆಯನ್ನೂ ಒಮ್ಮೆ ನೋಡಿ, ದಾರಿ ಬಿಟ್ಟು ಸುತ್ತಿಕೊಂಡು ಹೋದ. ಆರೂವರೆ ಲಕ್ಷದಲ್ಲಿ ಆ ಅರ್ಧ ತಾಸಿಗೆ ನಾವು ಕೊಟ್ಟದ್ದು ಬಸ್ಸಿನ ಟಿಕೆಟ್ಟಿನ ಹಣ ಮಾತ್ರ.

ಯೂರೋಪ್ ಬೇಡ ಎನ್ನುತ್ತಿಲ್ಲ. ಐವತ್ತೈದರೊಳಗೆ ಹೋಗಿ, ಇಲ್ಲವಾದರೆ ಏಳು ದೇಶದ ಬದಲು ಎರಡೇ ದೇಶದ ಪ್ಯಾಕೇಜ್ ತೆಗೆದುಕೊಳ್ಳಿ. ಪ್ಯಾರಿಸ್ ನಾಲ್ಕು ರಾತ್ರಿ, ಸ್ವಿಸ್ ನಾಲ್ಕು ರಾತ್ರಿ. ಅಂಕ ನಾಲ್ಕಕ್ಕೆ ಏರುತ್ತದೆ, ಖರ್ಚೂ ಇಳಿಯುತ್ತದೆ. ‘ಇಟಲಿ ನೋಡಲಿಲ್ಲವೇ’ ಎಂದು ಬೀಗರು ಕೇಳಿಯಾರು, ಕೇಳಲಿ.

ಯಾರಿಗೆ ಯಾವುದು

ಇಬ್ಬರಲ್ಲೊಬ್ಬರಿಗೆ ವಿಮಾನದ ಭಯ, ಕೈಯಲ್ಲಿ ಎರಡು ಲಕ್ಷದೊಳಗೆ ಹಣ, ಊಟಕ್ಕೆ ತೊಂದರೆಯಾಗಬಾರದು ಎಂದರೆ ದುಬೈ. ಮೊಣಕಾಲು ನೋವು, ಶುಚಿತ್ವದ ಹಂಬಲ, ಜೊತೆಗೆ ಮೊಮ್ಮಕ್ಕಳು ಎಂದರೆ ಸಿಂಗಪುರ. ಬೀದರ್ ಕೋಟೆಗೆ ಮೂರಕ್ಕಿಂತ ಹೆಚ್ಚು ಸಲ ಸ್ವಂತ ಇಚ್ಛೆಯಿಂದ ಹೋದವರಿಗೆ ಸಮರ್ಕಂದ್. ಆರು ಲಕ್ಷ ಬೇರೆ ಯಾವುದಕ್ಕೂ ಬೇಡವಾಗಿದ್ದು, ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸವಿದ್ದರೆ ಯೂರೋಪ್. ಪಾಸ್‌ಪೋರ್ಟೇ ಇಲ್ಲ, ಆದರೂ ಹೊರದೇಶ ನೋಡಬೇಕು ಎನ್ನುವವರಿಗೆ ಕಠ್ಮಂಡು ಇದೆ, ಮತದಾರರ ಚೀಟಿ ಸಾಕು. ಪಶುಪತಿನಾಥನ ಮೂಲ ಭಟ್ಟರು, ಅಂದರೆ ಮುಖ್ಯ ಅರ್ಚಕರು, ಕರ್ನಾಟಕದಿಂದ ಹೋದವರೇ, ಗರ್ಭಗುಡಿಯ ಮುಂದೆ ಕನ್ನಡದಲ್ಲಿ ಮಾತಾಡಿಸಿ ನೋಡಿ.

ಇಬ್ಬರ ಆಸೆ ಬೇರೆ ಬೇರೆಯಾದರೆ? ನಮ್ಮ ಮನೆಯಲ್ಲಿ ಸರದಿ. ಒಮ್ಮೆ ನನ್ನದು, ಒಮ್ಮೆ ಆಕೆಯದು. ಆದರೆ ಒಂದೇ ಸಲ ಹೋಗುವವರಿಗೆ ಸರದಿ ಇಲ್ಲ. ಅಂಥವರು ನಡೆಯಲು ಹೆಚ್ಚು ಕಷ್ಟಪಡುವವರ ಆಯ್ಕೆಯನ್ನೇ ಒಪ್ಪಿಕೊಳ್ಳಬೇಕು ಎಂಬುದು ನನ್ನಾಕೆ ಇಲ್ಲಿ ಸೇರಿಸಿದ ವಾಕ್ಯ. ನಾನು ಬರೆದಿದ್ದದ್ದು ಬೇರೆ, ಅದನ್ನು ಆಕೆ ಹೊಡೆದುಹಾಕಿದ್ದಾಳೆ.

ಕೆರೆಯ ದಂಡೆಯಲ್ಲಿ ಕಳೆದ ತಿಂಗಳು ಕೇಳಿದವರೊಬ್ಬರು ಏಳು ದೇಶದ ಕರಪತ್ರವನ್ನು ಹರಿದುಹಾಕಿ ಸಿಂಗಪುರ ಐದು ರಾತ್ರಿ ಎಂದು ನಿಶ್ಚಯಿಸಿದ್ದಾರೆ. ಮುಂಗಡ ಇನ್ನೂ ಕಟ್ಟಿಲ್ಲ. ಅವರ ಮನೆಯವರ ಆಧಾರ್ ಕಾರ್ಡಿನಲ್ಲಿ ‘ಕಸ್ತೂರಿಬಾಯಿ’, ಶಾಲೆಯ ದಾಖಲೆಯಲ್ಲಿ ‘ಕಸ್ತೂರಬಾಯಿ’. ಸದ್ಯಕ್ಕೆ ಅವರು ಬೆಳಗಿನ ನಡಿಗೆ ಬಿಟ್ಟು ಆ ಒಂದು ಗುಡಿಸಿನ ಹಿಂದೆ ಓಡಾಡುತ್ತಿದ್ದಾರೆ.